ಸನ್ನೆಯಮ್ಮನ ಕೋಣೆಯ ಮಕ್ಕಳು

ಸನ್ನೆಯಮ್ಮನ ಮುತ್ತಜ್ಜಿಯನ್ನು ಜನ ಹಾಲವ್ವ ಎಂದು ಕರೆಯುತ್ತಿದ್ದರು. ಕಲ್ಲುಗಣಿಯ ಮೇಸ್ತ್ರಿಯ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಾಗ, ಆ ತಬ್ಬಲಿಗೆ ಬಲಗಡೆ, ತನ್ನ ಕೂಸಿಗೆ ಎಡಗಡೆ ಎಂದು ಹಂಚಿ, ಎರಡನ್ನೂ ಎರಡು ವರ್ಷ ಸಾಕಿದವಳು. ಯಾವುದಕ್ಕೂ ಒಂದು ಗುಟುಕು ಹೆಚ್ಚಿಲ್ಲ, ಒಂದು ಗುಟುಕು ಕಡಿಮೆಯಿಲ್ಲ. ಹಾಲವ್ವನ ಮಗಳು ತೊಟ್ಟಿಲಜ್ಜಿ. ಗಣಿಯ ಪಕ್ಕದ ತಗಡಿನ ಸೂರಿನಲ್ಲಿ ಒಂದೇ ತೊಲೆಗೆ ಹನ್ನೊಂದು ಜೋಲಿ ಕಟ್ಟಿ, ಹನ್ನೊಂದಕ್ಕೂ ಒಂದೇ ಹಗ್ಗ ಪೋಣಿಸಿ, ಅದರ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು, ಕೈಯಲ್ಲಿ ಹರಕು ಬಟ್ಟೆ ಹೊಲಿಯುತ್ತ ಕೂರುತ್ತಿದ್ದಳು. ಪಕ್ಕದಲ್ಲಿ ಬಂಡೆಗೆ ಮದ್ದಿಟ್ಟು ಸಿಡಿಸಿದರೂ ಅವಳ ಜೋಲಿಯ ಮಕ್ಕಳು ಬೆಚ್ಚುತ್ತಿರಲಿಲ್ಲವಂತೆ. ತೊಟ್ಟಿಲಜ್ಜಿಯ ಮಗಳು, ಅಂದರೆ ಸನ್ನೆಯಮ್ಮನ ತಾಯಿ, ನೂಲಿನ ಗಿರಣಿಯ ಮಕ್ಕಳ ಕೋಣೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದಳು. ಗಿರಣಿಗೆ ಬೆಂಕಿ ಬಿದ್ದ ದಿನ ಹತ್ತೊಂಬತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದರ ಅಂಗಿಯ ಚುಂಗನ್ನು ಇನ್ನೊಂದರ ಕೈಗೆ ಕೊಟ್ಟು, ತನ್ನ ತುಟಿಗೆ ಬೆರಳಿಟ್ಟು ತೋರಿಸಿ, ಹೊಗೆಯೊಳಗಿಂದ ಹೊರಗೆ ನಡೆಸಿಕೊಂಡು ಬಂದಳು. ಒಂದು ಮಗುವೂ ಅಳಲಿಲ್ಲ, ಕೂಗಲಿಲ್ಲ. ಬಾಯಿ ತೆರೆದಿದ್ದರೆ ಹೊಗೆ ಕುಡಿದು ಅಲ್ಲೇ ಉರುಳುತ್ತಿದ್ದವು ಎಂದು ಬೆಂಕಿ ಆರಿಸಲು ಬಂದವರು ಹೇಳಿದರು.

ಇಂಥ ಮನೆತನದಲ್ಲಿ ಹುಟ್ಟಿದವಳಿಗೆ ಸುಮ್ಮನಿರುವ ಮಗು ಎಂದರೆ ಬದುಕಿ ಉಳಿಯುವ ಮಗು. ಬೇರೆ ಯೋಚನೆ ಅವಳಿಗೆ ಬಂದದ್ದೇ ಇಲ್ಲ.

ಬಾಟಲಿ ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲಿ ಎರಡಂತಸ್ತಿನ ಮನೆಗಳ ಒಂದು ಸಾಲಿದೆ. ಅದರ ಕೊನೆಯ ಮನೆಯ ಕೆಳಕೋಣೆ ಸನ್ನೆಯಮ್ಮನದು. ಕೆಲಸಕ್ಕೆ ಹೋಗುವವರ ಮಕ್ಕಳನ್ನು ಅವಳು ಹಗಲು ಅಲ್ಲಿ ನೋಡಿಕೊಳ್ಳುತ್ತಾಳೆ. ಮೇಲಿನ ಕೋಣೆಯಲ್ಲಿ ಎಂಟು ಮಂಚ. ರಾತ್ರಿ ಪಾಳಿ ಮುಗಿಸಿ ಬಂದ ಹೆಂಗಸರು ಮಧ್ಯಾಹ್ನ ಎರಡು ಗಂಟೆಯವರೆಗೆ ಅಲ್ಲಿ ಮಲಗುತ್ತಾರೆ. ನಡುವೆ ಇರುವುದು ಹಲಗೆಯ ಅಟ್ಟ. ಕೆಳಗೆ ಚಮಚ ಬಿದ್ದರೂ ಮೇಲೆ ಕೇಳಿಸುತ್ತದೆ. ಕೋಣೆ ಕೊಡುವಾಗಲೇ ಮನೆಯ ಯಜಮಾನ ಕಡ್ಡಿ ಮುರಿದ ಹಾಗೆ ಹೇಳಿದ್ದ: “ಮಕ್ಕಳನ್ನ ಇಟ್ಕೋ, ಬೇಡ ಅನ್ನಲ್ಲ. ಆದ್ರೆ ಎರಡು ಗಂಟೆಗೆ ಮುಂಚೆ ಒಂದು ಕಿರುಚಾಟ ಕೇಳಿಸ್ಲಿ, ಅವತ್ತೇ ಖಾಲಿ.”

ಇಪ್ಪತ್ತೆರಡು ವರ್ಷದಲ್ಲಿ ಒಂದೂ ಕೇಳಿಸಲಿಲ್ಲ. ಮಾತಿನ ಬದಲು ಸನ್ನೆ. ಹೆಬ್ಬೆರಳು ತುಟಿಗೆ ತಾಗಿಸಿದರೆ ನೀರು. ಕಿರುಬೆರಳು ಎತ್ತಿದರೆ ಕಕ್ಕಸು. ಕೆನ್ನೆಗೆ ಅಂಗೈ ಒತ್ತಿದರೆ ನಿದ್ದೆ. ಮೊಣಕಾಲಿಗೆ ಎರಡು ಸಲ ತಟ್ಟಿದರೆ ನಿನ್ನ ತೊಡೆಯ ಮೇಲೆ ಕೂರಬೇಕು ಅಂತ. ನೆತ್ತಿಯ ಮೇಲೆ ಅಂಗೈ ಇಟ್ಟುಕೊಂಡರೆ ಎಲ್ಲೋ ನೋಯುತ್ತಿದೆ ಅಂತ. ಇವು ಮಕ್ಕಳ ಸನ್ನೆಗಳು. ಅವಳದು ಒಂದೇ: ತೋರುಬೆರಳು ಕೆಳತುಟಿಯ ಮೇಲೆ. ಗಪ್.

ಅವಳ ಕೋಣೆಯ ಮಕ್ಕಳನ್ನು ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ನಾಲ್ಕು ವರ್ಷಕ್ಕೆ ಗುಂಡಿ ಹಾಕಿಕೊಳ್ಳುತ್ತಿದ್ದವು, ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದವು, ಹೊದಿಕೆಯನ್ನು ಮೂಲೆಗೆ ಮೂಲೆ ಸೇರಿಸಿ ಮಡಚುತ್ತಿದ್ದವು. ಒಂದು ಮಗು ಬಿದ್ದರೆ ಇನ್ನೊಂದು ಹೋಗಿ ಎತ್ತುತ್ತಿತ್ತು. ಶಾಲೆಯಲ್ಲಿ ಶಿಶುವರ್ಗದ ಹಳೆಯ ಟೀಚರು, “ಸನ್ನೆಯಮ್ಮ, ನಿನ್ನ ಕೋಣೆಯ ಮಕ್ಕಳು ಚಿನ್ನ ಕಣೇ. ಕೂರಿಸಿದ ಕಡೆ ಕೂತಿರ್ತವೆ, ತಲೆನೋವೇ ಇಲ್ಲ” ಎನ್ನುತ್ತಿದ್ದರು. ಆ ಮಾತನ್ನು ಅವಳು ಯಾರ ಮುಂದೆಯೂ ಆಡಿ ತೋರಿಸಲಿಲ್ಲ. ಆದರೆ ಗಲ್ಲಿಯಲ್ಲಿ ನಡೆಯುವಾಗ ಕತ್ತು ಸ್ವಲ್ಪ ನೆಟ್ಟಗಿರುತ್ತಿತ್ತು.

ಆ ವರ್ಷ ಅವಳ ಮೊಮ್ಮಗಳು ಗುಬ್ಬಿಗೆ ಐದು ತುಂಬಿತು. ಸನ್ನೆಯಮ್ಮನ ಮಗಳು ಗಂಡನನ್ನು ಬಿಟ್ಟು ಬಂದು ಬಾಟಲಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಳು. ಹಗಲು ಮೇಲಿನ ಎಂಟು ಮಂಚಗಳಲ್ಲಿ ಒಂದರ ಮೇಲೆ ಮಲಗುತ್ತಿದ್ದಳು. ಅವಳಿಗೆ ಇದ್ದ ಆಸೆ ಒಂದೇ, ಗುಬ್ಬಿ ಈ ವರ್ಷ ಶಾಲೆ ಸೇರಬೇಕು. ಹಳೆಯ ಟೀಚರು ಕೆಲಸ ಬಿಟ್ಟಿದ್ದರು. ಹೊಸ ಟೀಚರು ಪ್ರತಿ ಮಗುವನ್ನೂ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿಸುತ್ತಾರೆ, ತಯಾರಿಲ್ಲದ ಮಗುವನ್ನು ಮುಂದಿನ ವರ್ಷಕ್ಕೆ ತಳ್ಳುತ್ತಾರೆ ಎಂಬ ಸುದ್ದಿ ಗಲ್ಲಿಗೆ ಬಂದಿತ್ತು. ಸನ್ನೆಯಮ್ಮ ಅದಕ್ಕೆ ಸೊಪ್ಪು ಹಾಕಲಿಲ್ಲ. ತನ್ನ ಕೋಣೆಯ ಮಗು ತಯಾರಿಲ್ಲದೆ ಇನ್ಯಾರ ಮಗು ತಯಾರಿರುತ್ತದೆ?

ಶಾಲೆಯ ಕೋಣೆಯಲ್ಲಿ ಕುಳ್ಳ ಮೇಜು, ಎರಡು ಕುಳ್ಳ ಕುರ್ಚಿ, ಗೋಡೆಗೆ ಗಾಜಿನ ಬಾಗಿಲಿನ ಬೀರು. ಟೀಚರು ಬೀರುವಿನ ಕಡೆ ಮುಖ ಮಾಡಿ ಕೂತಿದ್ದರು. ಸನ್ನೆಯಮ್ಮನಿಗೆ ಅವರ ಬೆನ್ನ ಹಿಂದಿನ ಬೆಂಚು ಕೊಟ್ಟರು.

“ಬಾ ಪುಟ್ಟಿ, ಕೂತ್ಕೋ. ನಿನ್ನ ಹೆಸರೇನು?”

ಗುಬ್ಬಿ ಕೂತಳು, ಕೈ ಎರಡೂ ತೊಡೆಯ ಮೇಲೆ. ಟೀಚರ ಮುಖ ನೋಡಿದಳು. ತುಟಿ ಬಿರಿಯಿತು. ಕಣ್ಣು ಟೀಚರ ಹೆಗಲಿನಾಚೆ ಅಜ್ಜಿಯ ಕಡೆ ಹೋಯಿತು. ತುಟಿ ಮುಚ್ಚಿತು.

“ಹೋಗ್ಲಿ, ಮನೇಲಿ ಏನಂತ ಕರೀತಾರೆ?”

ಇಲ್ಲ.

ಟೀಚರು ಮಣಿಗಳ ಡಬ್ಬಿ ಮುಂದಿಟ್ಟರು. “ಇದು ಯಾವ ಬಣ್ಣ?” ಗುಬ್ಬಿ ಡಬ್ಬಿಯನ್ನೇ ಎಳೆದುಕೊಂಡು ಎಲ್ಲ ಮಣಿಗಳನ್ನೂ ಬೇರ್ಪಡಿಸಿದಳು. ಕೆಂಪು ಒಂದು ಕಡೆ, ನೀಲಿ ಒಂದು ಕಡೆ, ಹಳದಿ ಒಂದು ಕಡೆ. ಯಾವ ಗುಂಪಿಗೂ ಸೇರದ ಕಂದು ಮಣಿಯೊಂದನ್ನು ಪಕ್ಕಕ್ಕೆ ಇಟ್ಟಳು.

“ಭೇಷ್! ಈಗ ಬಾಯಲ್ಲಿ ಹೇಳು ನೋಡೋಣ.”

ಇಲ್ಲ.

ಸೀಮೆಸುಣ್ಣದ ಧೂಳಿಗೆ ಟೀಚರಿಗೆ ಕೆಮ್ಮು ಬಂತು. ಗುಬ್ಬಿ ಕುರ್ಚಿಯಿಂದ ಇಳಿದು, ಕಿಟಕಿಯ ಪಕ್ಕದ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು. ಒಂದು ಹನಿ ಚೆಲ್ಲಲಿಲ್ಲ. ಟೀಚರು ಕುಡಿದರು. ಲೋಟ ಕೆಳಗಿಟ್ಟು ತಮ್ಮ ಹಾಳೆಯನ್ನು ಬಹಳ ಹೊತ್ತು ನೋಡಿದರು. ಹೆಸರು ಹೇಳುತ್ತದೆಯೇ, ಬಣ್ಣ ಹೇಳುತ್ತದೆಯೇ, ಬೇಕಾದ್ದನ್ನು ಕೇಳುತ್ತದೆಯೇ ಎಂದೆಲ್ಲ ಅದರಲ್ಲಿತ್ತು. ನೀರು ತಂದುಕೊಟ್ಟಿತು ಎಂದು ಬರೆಯಲು ಜಾಗವಿರಲಿಲ್ಲ.

ಮಗುವನ್ನು ಮರಳಿನ ಗುಂಡಿಗೆ ಆಡಲು ಕಳಿಸಿ ಟೀಚರು ಇತ್ತ ತಿರುಗಿದರು. ಸನ್ನೆಯಮ್ಮನ ಮಗಳ ವಯಸ್ಸಿನವರು.

“ಅಮ್ಮ, ಮಗುವಿನ ಕಿವಿ ಚೆನ್ನಾಗಿದೆ, ನಾಲಿಗೆ ಚೆನ್ನಾಗಿದೆ, ಬುದ್ಧಿ ಅಂತೂ ನನಗಿಂತ ಚೆನ್ನಾಗಿದೆ. ಮೂರು ಸಲ ಬಾಯಿ ತೆಗೀತು. ಮೂರು ಸಲನೂ ನಿಮ್ಮನ್ನ ನೋಡಿ ಮುಚ್ಕೊಳ್ತು.”

“ನೋಡಿದ್ರೆ ಏನಾಯ್ತು? ಅಜ್ಜಿ ಅಲ್ವಾ.”

“ನಿಮ್ಮ ಬೆರಳು ಎಲ್ಲಿದೆ ನೋಡ್ಕೊಳ್ಳಿ.”

ಬೆರಳು ಕೆಳತುಟಿಯ ಮೇಲಿತ್ತು. ಅದು ಯಾವಾಗ ಅಲ್ಲಿಗೆ ಹೋಯಿತೋ ಅವಳಿಗೆ ಗೊತ್ತಿಲ್ಲ. ಇನ್ನೊಬ್ಬರ ಬೆರಳನ್ನು ತೆಗೆದಿಡುವಂತೆ ಅದನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

“ಬೀರು ಗಾಜಲ್ಲಿ ಕಾಣ್ತಾ ಇತ್ತು” ಎಂದರು ಟೀಚರು. ಅವರ ದನಿಯಲ್ಲಿ ಬೈಗುಳ ಇರಲಿಲ್ಲ. “ಇನ್ನೊಂದು ಕೇಳ್ಬೇಕಿತ್ತು ನಿಮ್ಮನ್ನ. ಮಗು ಹೀಗೆ ನೆತ್ತಿ ಮೇಲೆ ಕೈ ಇಟ್ಕೊಂಡ್ರೆ ಏನು ಅರ್ಥ?”

“ನೋವು ಅಂತ. ಯಾಕೆ?”

ಟೀಚರು ಹೇಳಿದರು. ಗಾಜು ಕತ್ತರಿಸುವವನ ಮಗಳು, ಸನ್ನೆಯಮ್ಮನ ಕೋಣೆಯಲ್ಲಿ ಬೆಳೆದವಳು, ಈಗ ಎರಡನೇ ತರಗತಿ. ಹೋದ ತಿಂಗಳು ತರಗತಿಯ ಬಾಗಿಲಿನ ಸಂದಿಗೆ ಅವಳ ಬೆರಳು ಸಿಕ್ಕಿಕೊಂಡಿತ್ತು. ಒಂದು ಕೈ ಬಾಗಿಲಿನಲ್ಲಿ, ಇನ್ನೊಂದು ಕೈ ನೆತ್ತಿಯ ಮೇಲೆ. ಹಾಗೇ ನಿಂತಿದ್ದಳು. ಮಕ್ಕಳು ಓಡಾಡಿದವು, ದೊಡ್ಡವರು ಓಡಾಡಿದರು. ಏನೋ ಆಟ ಆಡುತ್ತಿದ್ದಾಳೆ ಎಂದುಕೊಂಡರು. ಗಂಟೆ ಹೊಡೆದು ಬಾಗಿಲು ತೆಗೆದಾಗಲೇ ಗೊತ್ತಾದದ್ದು.

“ಕೂಗ್ಲಿಲ್ವಾ?” ಎಂದಳು ಸನ್ನೆಯಮ್ಮ.

“ಇಲ್ಲ.”

“ಎಷ್ಟು ಹೊತ್ತು?”

“ಹತ್ತು ನಿಮಿಷ ಇರ್ಬೋದು. ನಿಮ್ಮ ಕೋಣೆಯಿಂದ ಬಂದ ಹದಿನಾಲ್ಕು ಮಕ್ಕಳು ಈ ಶಾಲೇಲಿದ್ದಾರೆ ಅಮ್ಮ. ಇದುವರೆಗೆ ಒಬ್ರೂ ಒಂದು ಪ್ರಶ್ನೆ ಕೇಳಿಲ್ಲ. ಒಂದು ತಿಂಗಳು ಟೈಮಿದೆ. ಗುಬ್ಬೀನ ಮಾತಾಡ್ಸಿ, ಮತ್ತೆ ಕರ್ಕೊಂಡ್ ಬನ್ನಿ. ಆಗ್ಲೂ ಹೀಗೇ ಆದ್ರೆ ಈ ವರ್ಷ ಸೇರಿಸ್ಕೊಳ್ಳೋಕೆ ಆಗಲ್ಲ.”

ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಒಂದೇ ಕಡೆ ಕೂತು ಕಾಲು ಜೋಮು ಹಿಡಿದಾಗ, ಇದು ನನ್ನ ಕಾಲೇ ಹೌದೋ ಅಲ್ಲವೋ ಎನಿಸುತ್ತದಲ್ಲ, ಹಾಗೆ ಎದೆಯೊಳಗೆ. ಗುಬ್ಬಿಯ ಅಂಗಾಲಿನ ಮರಳು ಒರೆಸಿದಳು, ಬೂಟು ಹಾಕಿಸಿದಳು, ಮನೆಗೆ ಬಂದಳು. ಬಂದು ಆಗಲೇ ಮಡಚಿಟ್ಟಿದ್ದ ಏಳು ಹೊದಿಕೆಗಳನ್ನು ಬಿಚ್ಚಿ ಮತ್ತೆ ಮಡಚಿದಳು.

ಸಂಜೆ ಮಗಳು ಕೆಲಸಕ್ಕೆ ಹೊರಡುವ ಮುಂಚೆ ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ಸನ್ನೆಯಮ್ಮ ನಡೆದದ್ದೆಲ್ಲ ಹೇಳಿದಳು. ಬಾಗಿಲಿನ ವಿಷಯ ಕೊನೆಗೆ ಹೇಳಿದಳು.

ಮಗಳು ತಲೆ ಎತ್ತಲಿಲ್ಲ. “ನಾನೂ ಇಟ್ಕೊಂಡಿದ್ದೆ ಅಮ್ಮ.”

“ಏನನ್ನ?”

“ತಲೆ ಮೇಲೆ ಕೈ. ಗಂಡನ ಮನೇಲಿ, ಅಡುಗೆಮನೆಯಲ್ಲಿ ಒಬ್ಳೇ ನಿಂತ್ಕೊಂಡು. ಎರಡು ವರ್ಷ. ಅಲ್ಲಿ ಯಾರಿಗೆ ಗೊತ್ತಿತ್ತು ನಮ್ಮ ಸನ್ನೆ?”

“ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಗೆ ಹೇಳೋದು ಅಂತ ಗೊತ್ತಿರ್ಲಿಲ್ಲ.” ಮಗಳು ಎದ್ದು ನಿಂತಳು. “ಗುಬ್ಬಿ ಶಾಲೆಗೆ ಹೋಗ್ಬೇಕು. ನೀನು ಏನು ಮಾಡ್ತೀಯೋ ಮಾಡು. ನನಗೆ ಹೊತ್ತಾಯ್ತು.”

ಏನು ಮಾಡುವುದು? ಕೋಣೆಯಲ್ಲಿ ಬಾಯಿ ತೆರೆದರೆ ಮೇಲೆ ಎಂಟು ಜನರ ನಿದ್ದೆ ಕೆಡುತ್ತದೆ, ಯಜಮಾನ ಬಾಗಿಲಿಗೆ ಬರುತ್ತಾನೆ. ಮರುದಿನ ಬೆಳಿಗ್ಗೆ ಸನ್ನೆಯಮ್ಮ ಗುಬ್ಬಿಯನ್ನೂ ಉಳಿದ ಆರು ಮಕ್ಕಳನ್ನೂ ಕರೆದುಕೊಂಡು ಗಲ್ಲಿಯ ಆಚೆಗಿರುವ ಬಸ್ಸಿನ ಡಿಪೋಗೆ ಹೋದಳು. ಡಿಪೋದ ಹಿಂದೆ ಗುಜರಿ ಬಸ್ಸುಗಳ ಬಯಲಿದೆ. ಅದರ ಕಾವಲುಗಾರ ಇಪ್ಪತ್ತೇಳು ವರ್ಷ ಕಂಡಕ್ಟರ್ ಆಗಿದ್ದವನು. ಅವನು ಪಿಸುಗುಟ್ಟಿದರೂ ನಾಲ್ಕು ಬೀದಿಗೆ ಕೇಳಿಸುತ್ತದೆ ಎಂದು ಎಲ್ಲರೂ ಅವನನ್ನು ಡಂಗುರಣ್ಣ ಎನ್ನುತ್ತಿದ್ದರು.

“ಓಹೋಹೋ! ಏನಕ್ಕಾ, ಸೈನ್ಯಾನೇ ಕಟ್ಕೊಂಡ್ ಬಂದಿದ್ದೀಯಲ್ಲ! ಯಾರ ಮೇಲೆ ದಂಡಯಾತ್ರೆ?”

“ಮಕ್ಕಳಿಗೆ ಮಾತಾಡೋಕೆ ಜಾಗ ಬೇಕು.”

“ಮಾತಾಡೋಕೆ ಜಾಗ ಯಾಕೆ? ಬಾಯಿ ಸಾಕಾಗಲ್ವಾ?” ತನ್ನ ಮಾತಿಗೆ ತಾನೇ ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. “ಆಯ್ತು, ಆ ಮೂಲೆ ಬಸ್ಸಲ್ಲಿ ಕೂತ್ಕೊಳ್ಳಿ. ಚಕ್ರ ಇಲ್ಲ, ಗಾಜಿಲ್ಲ, ಡ್ರೈವರ್ರಂತೂ ಮೊದ್ಲೇ ಇಲ್ಲ. ಎಷ್ಟು ಬೇಕಾದ್ರೂ ಕಿರುಚ್ಕೊಳ್ಳಿ, ಬಸ್ಸು ಬೇಜಾರು ಮಾಡ್ಕೊಳ್ಳಲ್ಲ.”

ಬಸ್ಸಿನೊಳಗೆ ಮಕ್ಕಳನ್ನು ಸೀಟುಗಳಲ್ಲಿ ಕೂರಿಸಿ ಸನ್ನೆಯಮ್ಮ ಎದುರಿಗೆ ನಿಂತಳು. “ಇದು ಸೀಟು” ಎಂದಳು. “ಇದು ಕಿಟಕಿ. ಕಿಟಕಿಗೆ ಗಾಜಿಲ್ಲ. ಇದು ಕಂಬಿ.” ಬಳಸದ ಬೀಗದ ಹಾಗೆ ಗಂಟಲು ತುಕ್ಕು ಹಿಡಿದಿತ್ತು. ಎಲ್ಲಕ್ಕಿಂತ ಚಿಕ್ಕದು ಅವಳ ದನಿ ಕೇಳಿಯೇ ಅಳತೊಡಗಿತು, ಸದ್ದಿಲ್ಲದೆ, ಕಣ್ಣಲ್ಲಿ ಮಾತ್ರ. ಅದರ ಮೂಗು ಒರೆಸಿ, ಮತ್ತೆ ಮುಂದುವರಿಸಿದಳು. “ಇದು ಬಾಗಿಲು.”

ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಡಂಗುರಣ್ಣನಿಗೆ ತಡೆಯಲಾಗಲಿಲ್ಲ. ಬಾಗಿಲಿನಿಂದ ತಲೆ ಹಾಕಿ, “ಅಕ್ಕಾ, ನೀನು ಮಾತಾಡಿಸ್ತಿದ್ದೀಯೋ, ಪಂಚನಾಮೆ ಬರೆಸ್ತಿದ್ದೀಯೋ?” ಎಂದ. ಹತ್ತಿ ಬಂದು, ಹಳೆ ಕಾಗದ ಹರಿದು ಚೂರು ಮಾಡಿಕೊಂಡು, ಬಸ್ಸಿನ ತಗಡಿಗೆ ಪಟಪಟ ಬಡಿದ. “ಟಿಕೆಟ್, ಟಿಕೆಟ್! ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಇದೆ! ಎಲ್ಲಿಗೆ ಅಂತ ಬಾಯಿ ಬಿಟ್ಟು ಹೇಳ್ದೋರಿಗೆ ಮಾತ್ರ ಟಿಕೆಟ್. ಸುಮ್ಮನೆ ಕೂತೋರನ್ನ ಇಳಿಸ್ಬಿಡ್ತೀನಿ.”

ಮಕ್ಕಳು ಬೆಪ್ಪಾಗಿ ನೋಡಿದವು. ಗುಬ್ಬಿ ಹೆಬ್ಬೆರಳನ್ನು ತುಟಿಗೆ ತಾಗಿಸಿದಳು.

“ಹೆಬ್ಬೆರಳು ಅನ್ನೋ ಊರಿಗೆ ಈ ಬಸ್ ಹೋಗಲ್ಲ ತಾಯಿ. ಎಲ್ಲಿಗೆ?”

ಗುಬ್ಬಿ ಅಜ್ಜಿಯನ್ನು ನೋಡಿದಳು. ಹೆಬ್ಬೆರಳು ಇನ್ನೂ ತುಟಿಯಲ್ಲೇ ಇತ್ತು. ಸನ್ನೆಯಮ್ಮನ ಕೈ ತಾನಾಗಿಯೇ ನೀರಿನ ಚೊಂಬಿನ ಕಡೆ ಹೋಯಿತು. ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದಳು. ಮಗು ಕಾಯುತ್ತ ಕೂತಿತು. ಅವಳೂ ಕಾದಳು. ಬೇರೆ ಮಕ್ಕಳಿಗೆ ಇದು ಏನು ಎಂದು ಅರ್ಥವಾಗಲಿಲ್ಲ. ಸನ್ನೆ ಮಾಡಿದರೆ ನೀರು ಬರಬೇಕು, ಬಂದಿಲ್ಲ. ಡಂಗುರಣ್ಣನೂ ಆಟ ನಿಲ್ಲಿಸಿ ಮೆಲ್ಲಗೆ, ತನ್ನ ಮಟ್ಟಿಗೆ ಮೆಲ್ಲಗೆ, “ಕೊಟ್ಬಿಡಕ್ಕಾ, ಪಾಪ” ಎಂದ. ಅವಳು ಕೊಡಲಿಲ್ಲ.

“ನೀರು” ಎಂದಳು ಗುಬ್ಬಿ.

ಕೊಟ್ಟಳು. ಮಗು ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು, ಕಾವಲುಗಾರನ ಕಡೆ ತಿರುಗಿ ಟಿಕೆಟ್ಟಿಗೆ ಕೈ ಚಾಚಿತು.

“ನೀರಿನ ಊರಿಗೆ ಒಂದು! ರೈಟ್, ರೈಟ್!” ಎಂದು ಅವನು ಕೂಗಿದ ಕೂಗಿಗೆ ಬಯಲಿನ ಕಾಗೆಗಳೆಲ್ಲ ಎದ್ದವು.

ಆ ಹೊತ್ತಿಗಾದರೂ ಸನ್ನೆಯಮ್ಮನಿಗೆ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಇದು ಇಷ್ಟು ಸುಲಭಕ್ಕೆ ಬರುವುದಾಗಿತ್ತೇ ಎಂದು ಮಾತ್ರ ಅನ್ನಿಸಿತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಮಕ್ಕಳು ಎಂದು ಲೆಕ್ಕ ಹಾಕಲು ಹೊರಟು, ಮುಖಗಳು ಒಂದರ ಮೇಲೊಂದು ಬಂದು, ಅಲ್ಲಿಗೇ ಬಿಟ್ಟಳು.

ತಿಂಗಳು ಕಳೆಯುವಷ್ಟರಲ್ಲಿ ಬಸ್ಸಿನಲ್ಲಿ ಜಗಳಗಳು ಶುರುವಾಗಿದ್ದವು. ಕಿಟಕಿ ಸೀಟು ನನ್ನದು ಎಂದು ಒಂದು, ಅಲ್ಲ ನನ್ನದು ಎಂದು ಇನ್ನೊಂದು. ಒಂದು ದಿನ ಗುಬ್ಬಿ ಮೆಟ್ಟಿಲಿಂದ ಬಿದ್ದು ಮೊಣಕಾಲು ತರಚಿಕೊಂಡಳು. ಅವಳ ಕೈ ನೆತ್ತಿಯ ಕಡೆಗೆ ಅರ್ಧ ಏರಿ ನಿಂತಿತು. ಅಜ್ಜಿ ಬಸ್ಸಿನ ಇನ್ನೊಂದು ತುದಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದಳು. “ಅಜ್ಜೀ!” ಎಂಬ ಕೂಗು ಕೇಳಿದಾಗ ಯಾರ ಮಗುವಿನ ದನಿ ಎಂದು ಅವಳಿಗೆ ಗೊತ್ತಾಗಲಿಲ್ಲ. ಗುಬ್ಬಿ ಕೂಗಿದ್ದನ್ನು ಅವಳು ಹಿಂದೆ ಕೇಳಿಯೇ ಇರಲಿಲ್ಲ.

ಮತ್ತೆ ಶಾಲೆಗೆ ಹೋದ ದಿನ ಟೀಚರು ಅವಳನ್ನು ಹೊರಗೆ ಕೂರುವಿರಾ ಎಂದು ಕೇಳಿದರು. ಅವಳು ಒಳಗೇ ಕೂರುತ್ತೇನೆ ಎಂದಳು. ಅದೇ ಬೆಂಚು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ಮೈಭಾರವನ್ನೆಲ್ಲ ಅವುಗಳ ಮೇಲೆ ಬಿಟ್ಟು ಕೂತಳು.

ಗುಬ್ಬಿ ತನ್ನ ಹೆಸರು ಹೇಳಿದಳು. ತಾಯಿಯ ಹೆಸರು ಹೇಳಿದಳು. ಅಜ್ಜಿಯ ಹೆಸರು ಏನು ಎಂದಾಗ “ಅಜ್ಜಿ” ಎಂದಳು. ಅಜ್ಜಿಗೆ ಬೇರೆ ಹೆಸರು ಇಲ್ಲವಾ ಎಂದರೆ, “ಇನ್ನೊಂದು ಯಾಕೆ?” ಎಂದು ಕೇಳಿದಳು. ಟೀಚರ ಪೆನ್ನು ಒಂದು ಗಳಿಗೆ ನಿಂತಿತು. ಕೆಂಪು, ನೀಲಿ, ಹಳದಿ ಎಲ್ಲ ಹೇಳಿ, ಕಂದು ಮಣಿ ತೋರಿಸಿದಾಗ “ತುಕ್ಕು” ಎಂದಳು.

“ತುಕ್ಕಾ?”

“ಬಸ್ಸಿನ ಬಣ್ಣ. ಮುಟ್ಟಿದ್ರೆ ಕೈಗೆ ಬರುತ್ತೆ.” ಆಮೇಲೆ ಟೀಚರ ಮುಖವನ್ನೇ ನೋಡುತ್ತ, “ನಿಮ್ಮ ಕೆಮ್ಮು ಹೋಯ್ತಾ?” ಎಂದಳು.

ಟೀಚರು ಹಾಳೆಯ ಕೊನೆಯಲ್ಲಿ ಸಹಿ ಹಾಕಿದರು. ಸೇರಿಸಿಕೊಂಡಿದ್ದೇವೆ, ಸೋಮವಾರದಿಂದ ಕಳಿಸಿ ಎಂದರು. ಗುಬ್ಬಿ ಮರಳಿನ ಗುಂಡಿಯ ಕಡೆ ಓಡಿದಳು, “ರೈಟ್, ರೈಟ್” ಎನ್ನುತ್ತ. ಸನ್ನೆಯಮ್ಮ ಏಳಲು ನೋಡಿದಳು. ಅದುಮಿಟ್ಟಿದ್ದ ಕೈಗಳಲ್ಲಿ ರಕ್ತವಾಡುತ್ತಿರಲಿಲ್ಲ. ಬೆಂಚು ಹಿಡಿಯಲು ಬೆರಳು ಬಗ್ಗಲಿಲ್ಲ. ಟೀಚರು ಬಂದು ಅವಳ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದು ತಿಕ್ಕಿದರು.

“ಒಂದು ತಿಂಗಳಲ್ಲಿ ಇಷ್ಟು ಮಾಡಿದ್ದೀರಲ್ಲ ಅಮ್ಮ.”

“ಮಾಡಿದ್ದು ನಾನಲ್ಲ. ಆ ಡಂಗುರಣ್ಣ.”

“ಇನ್ನೂ ಆರು ಮಕ್ಕಳಿದ್ದಾರಲ್ಲ ನಿಮ್ಮ ಹತ್ರ. ನಾನು ಹೆಡ್ ಮೇಷ್ಟ್ರನ್ನ ಆಗ್ಲೇ ಕೇಳಿಟ್ಟಿದ್ದೀನಿ. ತರಬೇತಿ ಆದ ಹುಡುಗಿ ಒಬ್ಳನ್ನ ಕಳಿಸ್ತೀನಿ, ದಿನಾ ಎರಡು ಗಂಟೆ ಬಂದು ಮಕ್ಕಳ ಹತ್ರ ಮಾತಾಡ್ತಾಳೆ, ಆಟ ಆಡಿಸ್ತಾಳೆ. ಚಿತ್ರದ ಪುಸ್ತಕ, ಆಟದ ಸಾಮಾನು ಎಲ್ಲ ನಮ್ಮದೇ. ಇಲ್ಲಿ ಹಿಂದಿನ ಕೋಣೆ ಖಾಲಿ ಇದೆ, ಅಲ್ಲೇ ಕೂರಿಸ್ಬೋದು, ಸದ್ದಾದ್ರೂ ಯಾರೂ ಕೇಳೋರಿಲ್ಲ. ನೀವು ಪಕ್ಕದಲ್ಲಿ ಆರಾಮಾಗಿ ಕೂತ್ಕೊಳ್ಳಿ. ನಿಮಗೂ ವಯಸ್ಸಾಯ್ತು.”

ಸನ್ನೆಯಮ್ಮ ತನ್ನ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡಳು.

“ಬೇಡ ಟೀಚರಮ್ಮ. ಹುಡುಗಿನೂ ಬೇಡ, ಪುಸ್ತಕನೂ ಬೇಡ, ಕೋಣೆನೂ ಬೇಡ, ಡಿಪೋ ಬಸ್ಸಿದೆ ನಮಗೆ. ನೀವು ಒಳ್ಳೇದಕ್ಕೇ ಹೇಳ್ತಿದ್ದೀರಿ, ನನಗೆ ಗೊತ್ತು. ಆದ್ರೆ ಆ ಹುಡುಗಿ ಬಂದ್ರೆ ಮಕ್ಕಳು ಅವ್ಳ ಹತ್ರ ಮಾತಾಡ್ತವೆ, ನನ್ನ ಹತ್ರ ಬಂದು ಗಪ್ಪಾಗ್ತವೆ. ಎರಡು ಗಂಟೆ ಆದ್ಮೇಲೆ ಅವ್ಳು ಅವ್ಳ ಮನೆಗೆ ಹೋಗ್ತಾಳೆ. ಉಳಿದ ಹೊತ್ತೆಲ್ಲ ನಾನೇ ಇರೋಳು. ಅವುಗಳ ಬಾಯಿ ಮುಚ್ಚಿಸಿದ್ದೂ ನಾನೇ. ನೋವಾದ್ರೆ ಅವು ನನ್ನನ್ನ ಕೂಗ್ಬೇಕು, ನನ್ನ ಕಿವಿಗೆ ಬೀಳ್ಬೇಕು. ನಿಮ್ಮ ಹುಡುಗೀನ ಬೇರೆ ಯಾರಿಗಾದ್ರೂ ಕಳಿಸಿ. ನನಗೆ ಬೇಡ.”